ಒಂದು ಹಕಾರದ ತಪ್ಪು

ವೆಂಕಟಸುಬ್ಬಯ್ಯನವರಿಗೆ ಅಕ್ಷರಗಳ ವಿಷಯದಲ್ಲಿ ದಾಕ್ಷಿಣ್ಯವೆಂಬುದೇ ಇರಲಿಲ್ಲ. ಸರ್ಕಾರಿ ಸ್ವಾಮ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತಾರು ವರ್ಷ ದುಡಿದು 2019ನೆಯ ಇಸವಿ ಮೇ 31ರಂದು ನಿವೃತ್ತರಾದ ಅವರು, ಅದೇ ವರ್ಷದ ಜುಲೈ 1ರ ಸೋಮವಾರ ಪೀಣ್ಯದ ಸಣ್ಣದೊಂದು ಬಿಡಿಭಾಗಗಳ ಘಟಕವನ್ನು ಗುಣಮಟ್ಟದ ಮೇಲ್ವಿಚಾರಕರಾಗಿ ಸೇರಿದರು. ಟಿ. ದಾಸರಹಳ್ಳಿಯ ಮನೆಯಲ್ಲಿ ಮದುವೆಯ ಕರೆಯೋಲೆ ಬಂದರೂ ಮೊದಲು ಪೆನ್ಸಿಲ್ ಹಿಡಿದು ಕಾಗುಣಿತ ತಿದ್ದುತ್ತಿದ್ದರು. "ಊಟಕ್ಕೆ ಕರೆದಿದ್ದಾರೆ ಕಣ್ರೀ, ಪರೀಕ್ಷೆ ಬರೆದಿಲ್ಲ" ಎಂದು ಪತ್ನಿ ಭಾನುಮತಿ ರೇಗುವುದಿತ್ತು.

ಇಂಥವರ ಮುಂದೆ 2024ರ ಫೆಬ್ರವರಿ 14ರ ಬುಧವಾರ, ಮಧ್ಯಾಹ್ನ ಮೂರೂ ಇಪ್ಪತ್ತರ ಸುಮಾರಿಗೆ, ಮುನಿಯಕ್ಕ ಬಂದು ನಿಂತಳು. ಆಕೆ ಒಂಬತ್ತು ವರ್ಷಗಳಿಂದ ತಪಾಸಣೆಯ ಮೇಜಿನಲ್ಲಿ ಕುಳಿತು, ಬುಷ್ ಎಂಬ ಉಕ್ಕಿನ ಬಳೆಗಳ ರಂಧ್ರಕ್ಕೆ ಗೇಜು ತೂರಿಸಿ ಅಳತೆ ನೋಡುವವಳು. ಅವಳ ಕೈಯಲ್ಲಿ ಆ ಗೇಜಿತ್ತು.

"ಸಾರ್, ಇದು ಅಳೇ ಗೇಜು."

"ಅಳೆಯೋ ಗೇಜಲ್ದೆ ಮತ್ತೇನಮ್ಮಾ, ಕುಟ್ಟೋ ಗೇಜಾ?" ಎಂದರು ವೆಂಕಟಸುಬ್ಬಯ್ಯ.

ಲೇತ್ ಯಂತ್ರದ ಕೆಲಸಗಾರ ಭೀಮಪ್ಪ ಮೊದಲು ನಕ್ಕ. ಬಳಿಕ ಅಲ್ಲಿದ್ದ ಆರೂ ಮಂದಿ ನಕ್ಕರು. ಮುನಿಯಕ್ಕ ಮತ್ತೊಮ್ಮೆ "ಅಲ್ಲ ಸಾರ್, ಅಳೇದು" ಎಂದಳು. "ಮೊದಲು ಹಕಾರ ಕಲಿತು ಬಾ, ಆಮೇಲೆ ಅಳತೆ" ಎಂದು ಅವರು ಅವಳ ಆಡುಮಾತಿಗೆ ಎಂದಿನ ಕೊಂಕನ್ನೇ ನುಡಿದು, ಕೈಬೀಸಿ ಕಳುಹಿಸಿದರು. ಅವಳು ಮೇಜಿಗೆ ಮರಳಿ, ಅದೇ ಗೇಜಿನಲ್ಲಿ ಉಳಿದ ಬುಷ್‌ಗಳನ್ನು ನೋಡಿ ಮುಗಿಸಿದಳು.

ಬುಷ್‌ನ ಅಳತೆ ಫೆಬ್ರವರಿ 1ರಿಂದ ಬದಲಾಗಿತ್ತು. ಹಿಂದಿನ ಗೇಜನ್ನು ಮೇಜಿನಿಂದ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿ, ಹೊಸದನ್ನು ಕೊಡಬೇಕಾದವರು ವೆಂಕಟಸುಬ್ಬಯ್ಯನವರೇ. ಅವರು ಮರೆತಿದ್ದರು. ಅದೇ ಸಂಜೆ ಐದೂ ಐವತ್ತಕ್ಕೆ ಮೆಟ್ರೋ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಿರುವಾಗ, ಆಕೆ ಅಂದದ್ದು 'ಹಳೇ ಗೇಜು' ಎಂಬುದು ಅವರಿಗೆ ಥಟ್ಟನೆ ಹೊಳೆಯಿತು. ಸರಕಿನ ವ್ಯಾನು ಹೊರಡುವುದು ಮರುದಿನ ಬೆಳಿಗ್ಗೆ ಒಂಬತ್ತಕ್ಕೆ. ಜೇಬಿನಲ್ಲಿ ಫೋನಿತ್ತು. ಫೋನ್ ಮಾಡಿದರೆ ಆರು ಜನರನ್ನು ನಗಿಸಿದ ಮಾತನ್ನು ಹಿಂದಕ್ಕೆ ನುಂಗಬೇಕಾಗಿತ್ತು. ರೈಲು ಬಂತು, ಅವರು ಹತ್ತಿದರು.

ಫೆಬ್ರವರಿ 20ರಂದು ಸರಕು ಪೂರ್ತಿ ತಿರಸ್ಕೃತವಾಗಿ ಮರಳಿತು. 21ರಂದು ವೆಂಕಟಸುಬ್ಬಯ್ಯ ತಮ್ಮ ದುಂಡಾದ ಅಕ್ಷರಗಳಲ್ಲಿ ವರದಿ ಬರೆದರು: 'ತಪಾಸಣೆಗಾರ್ತಿಯು ಗೇಜಿನ ವಿಷಯವನ್ನು ಮೇಲ್ವಿಚಾರಕರ ಗಮನಕ್ಕೆ ತಂದಿರುವುದಿಲ್ಲ.' ವಾಕ್ಯದಲ್ಲಿ ಕಾಗುಣಿತದ ದೋಷವೊಂದೂ ಇರಲಿಲ್ಲ. ವ್ಯವಸ್ಥಾಪಕ ಹರ್ಷವರ್ಧನ್ ಕೇಳಿದಾಗ ಮುನಿಯಕ್ಕ "ನಾನು ಏಳಿದ್ದೆ ಸಾರ್" ಎಂದಷ್ಟೇ ಹೇಳಿ ತಲೆ ತಗ್ಗಿಸಿದಳು. 26ರ ಸೋಮವಾರದಿಂದ ಅವಳನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. ರಟ್ಟಿನ ಪೆಟ್ಟಿಗೆಗೆ ಟೇಪು ಅಂಟಿಸುವ ಕೆಲಸ. ವೆಂಕಟಸುಬ್ಬಯ್ಯ ಆ ದಿನದಿಂದ ಕ್ಯಾಂಟೀನಿಗೆ ಪ್ಯಾಕಿಂಗಿನ ಹಾದಿ ಬಿಟ್ಟು, ಶೌಚಾಲಯಗಳ ಹಿಂಬದಿಯಿಂದ ಸುತ್ತಿ ಹೋಗತೊಡಗಿದರು.

ಸರಕು ಮರಳಿದ ಪ್ರಸಂಗದಿಂದಲೇ ತರಬೇತಿಯ ಏರ್ಪಾಡಾಯಿತು. ಜೂನ್ 22ರ ಶನಿವಾರ ವೈಟ್‌ಫೀಲ್ಡಿನಿಂದ ಯಾಮಿನಿ ಎಂಬ ತರಬೇತುದಾರಳು ಬಂದಳು. ವಿಷಯ: 'ಸಂವಹನ ಮತ್ತು ತಂಡದ ಕೆಲಸ'. ಕ್ಯಾಂಟೀನಿನ ಬೆಂಚುಗಳನ್ನು ಗೋಡೆಗೆ ಸರಿಸಿ, ಇಬ್ಬಿಬ್ಬರನ್ನು ಬೆನ್ನಿಗೆ ಬೆನ್ನು ತಾಗುವಂತೆ ಕೂರಿಸಿದಳು. ಒಬ್ಬರು ಕೈಯಲ್ಲಿರುವ ಚಿತ್ರವನ್ನು ಮಾತಿನಲ್ಲಿ ವಿವರಿಸಬೇಕು, ಇನ್ನೊಬ್ಬರು ನೋಡದೆ ಬರೆಯಬೇಕು. ಜೋಡಿಗಳನ್ನು ಚೀಟಿ ಎತ್ತಿ ಆರಿಸಲಾಯಿತು. ವೆಂಕಟಸುಬ್ಬಯ್ಯನವರ ಬೆನ್ನಿಗೆ ಮುನಿಯಕ್ಕ ಬಂದಳು.

"ಬರೆಯೋರು ಏನು ಬೇಕಾದ್ರೂ ಕೇಳಬಹುದು ಸಾರ್. ಆದ್ರೆ ಹೇಳೋರ ಮಾತನ್ನ ತಿದ್ದೋ ಹಾಗಿಲ್ಲ" ಎಂದಳು ಯಾಮಿನಿ.

ಮುನಿಯಕ್ಕ ಗಂಟಲು ಸರಿಮಾಡಿಕೊಂಡು, ಒಂದೊಂದೇ ಪದವನ್ನು ತೂಗಿ ಇಡುವವಳಂತೆ ಆರಂಭಿಸಿದಳು. "ಮೊದ್ಲು ಹೊಂದು ಚೌಕ ಬರೀರಿ ಸಾರ್. ಹದರ ಮೇಲ್ಗಡೆ ಮೂಲೆ ಐತಲ್ಲ... ಹಿದೆಯಲ್ಲ, ಹಲ್ಲಿಂದ ಹೊಂದು ಗೆರೆ ಹೆಳೀರಿ."

ಪೆನ್ಸಿಲ್ ನಿಂತಿತು.

"ಅಕ್ಕೋ, ಚೌಕದ ಮೇಲೆ ಹಲ್ಲಿ ಯಾವಾಗ ಬಂತು? ಬಾಲ ಇದೆಯಾ, ಉದುರಿದೆಯಾ?" ಎಂದ ಭೀಮಪ್ಪ. ಕ್ಯಾಂಟೀನ್ ನಗೆಯಿಂದ ತುಂಬಿತು.

ಯಾಮಿನಿ ನಗಲಿಲ್ಲ. "ಯಾಕಕ್ಕಾ ಇಷ್ಟು ಕಷ್ಟಪಡ್ತಿದೀರ? ನೀವು ದಿನಾ ಮಾತಾಡೋ ಥರ ಮಾತಾಡಿ."

"ಅಂಗೆ ಮಾತಾಡಿದ್ರೆ ಸಾರ್‌ಗೆ ಅರ್ಥ ಆಗಕಿಲ್ಲ ಮೇಡಂ" ಎಂದಳು ಮುನಿಯಕ್ಕ. "ಅದ್ಕೇ ನಾಕ್ ತಿಂಗಳಿಂದ ಮಗಳತ್ರ ಕಲೀತಾ ಇವ್ನಿ. ಎಲ್ಲಿ ಆಕ್ಬೇಕು, ಎಲ್ಲಿ ಬ್ಯಾಡ ಅನ್ನೋದು ಇನ್ನೂ ಕೂತಿಲ್ಲ."

ಅವಳ ಬೆನ್ನು ತಮ್ಮ ಬೆನ್ನಿಗೆ ತಾಗಿ ಉಸಿರಾಡುತ್ತಿರುವುದು ವೆಂಕಟಸುಬ್ಬಯ್ಯನವರಿಗೆ ತಿಳಿಯುತ್ತಿತ್ತು. ಬೀರುವಿನಲ್ಲಿ ವರದಿ, ಪ್ಯಾಕಿಂಗಿನಲ್ಲಿ ಅವಳು, ಅವಳ ನಾಲಿಗೆಯ ಮೇಲೆ ಸಲ್ಲದ ಹಕಾರ. ಮೂರೂ ಅವರ ಕೈಬರಹವೇ. ಇಂದು ಸುಮ್ಮನಿದ್ದರೆ ಅವಳು ಆ ಮೇಜಿಗೆ ಮರಳುವ ದಾರಿ ಇನ್ನಿಲ್ಲವೆಂದು ಅವರಿಗೆ ಗೊತ್ತಿತ್ತು. ಸತ್ಯ ಬಲ್ಲ ಉಳಿದವರೆಲ್ಲ ಅಂದು ನಕ್ಕವರು. ವೆಂಕಟಸುಬ್ಬಯ್ಯ ಎದ್ದು, ಬಾಗಿಲಲ್ಲಿ ನಿಂತು ನೋಡುತ್ತಿದ್ದ ವ್ಯವಸ್ಥಾಪಕರತ್ತ ತಿರುಗಿದರು.

"ಹರ್ಷವರ್ಧನ್ ಅವರೇ, ನನ್ನ ವರದಿ ಸುಳ್ಳು. ಈಕೆ ನನಗೆ ಹೇಳಿದ್ದರು. ನಾನು ತಮಾಷೆ ಮಾಡಿ ಕಳಿಸಿದೆ."

"ನಿಮಗೆ ಅರ್ಥ ಆಗಿರಲ್ಲ ಬಿಡಿ ಸಾರ್" ಎಂದ ಹರ್ಷವರ್ಧನ್, ಹಿರಿಯರಿಗೆ ಕುರ್ಚಿ ಸರಿಸಿಕೊಡುವ ದನಿಯಲ್ಲಿ.

ಆ ಕುರ್ಚಿಯಲ್ಲಿ ಕುಳಿತುಬಿಡಬಹುದಾಗಿತ್ತು. "ಅರ್ಥವಾಗಿತ್ತು" ಎಂದರು ವೆಂಕಟಸುಬ್ಬಯ್ಯ. "ಫೆಬ್ರವರಿ ಹದಿನಾಲ್ಕು, ಬುಧವಾರ, ಸಂಜೆ ಐದೂ ಐವತ್ತಕ್ಕೆ. ವ್ಯಾನು ಇನ್ನೂ ಹೊರಟಿರಲಿಲ್ಲ. ಗೇಜು ಎತ್ತಿಡದೆ ಮರೆತವನೂ ನಾನೇ."

ಯಾರೂ ನಗಲಿಲ್ಲ. ಮುನಿಯಕ್ಕ ಕುಳಿತಲ್ಲೇ ಹೊರಳಿ ಅವರ ಮುಖ ನೋಡಿದಳು.

"ಅರ್ಥ ಆಗಿತ್ತಾ ಸಾರ್?" ಎಂದಳು. "ನಾನು ನನ್ ಬಾಯೇ ಸರಿಗಿಲ್ಲ ಅಂದ್ಕೊಂಡಿದ್ನಲ್ಲ ಸಾರ್."

ಅವರು "ಕ್ಷಮಿಸಮ್ಮಾ" ಎಂದರು. ಅವಳು ಕೈಯಲ್ಲಿದ್ದ ಚಿತ್ರವನ್ನು ಮಡಿಚಿ ಮೊಣಕಾಲ ಮೇಲಿಟ್ಟುಕೊಂಡಳು.

ಅಂದೇ ಮಧ್ಯಾಹ್ನ ಅವರು ಹಳೆಯ ವರದಿಯ ವಾಕ್ಯವನ್ನು ಗೆರೆಯೆಳೆದು ಹೊಡೆದುಹಾಕಿ, ಕೆಳಗೆ ಬರೆದರು: 'ಮುನಿಯಕ್ಕನವರು ಹೇಳಿದ್ದರು. ನಾನು ಕೇಳಲಿಲ್ಲ.' ತಾರೀಕು ಹಾಕಿ ಸಹಿ ಮಾಡಿದರು. ಜೂನ್ 24ರ ಸೋಮವಾರ ಮುನಿಯಕ್ಕ ತನ್ನ ಮೇಜಿಗೆ ಮರಳಿದಳು. ವೆಂಕಟಸುಬ್ಬಯ್ಯನವರಿಗೆ ಲಿಖಿತ ಎಚ್ಚರಿಕೆ ಬಂತು. ಅದನ್ನು ಅವರು ಎರಡು ಬಾರಿ ಓದಿದರು, ಪೆನ್ಸಿಲ್ ಮುಟ್ಟಲಿಲ್ಲ.

27ರ ಗುರುವಾರ ಬೆಳಿಗ್ಗೆ ಆಕೆ ಒಂದು ಗೇಜು ಹಿಡಿದು ಅವರ ಬಳಿಗೆ ಬಂದಳು. ಅದು ಬೇರೊಂದು ಬಿಡಿಭಾಗದ್ದು, ಅಳತೆ ಬದಲಾದ ಮೇಲೂ ಮೇಜಿನಲ್ಲೇ ಉಳಿದಿತ್ತು. ಅವರು ಕೈಕೆಲಸ ಬಿಟ್ಟು, ಕನ್ನಡಕ ತೆಗೆದು, ಎದ್ದು ನಿಂತು ಕಾದರು.

"ಸಾರ್, ಇದು..." ಎಂದು ಅವಳು ನಿಲ್ಲಿಸಿದಳು. ತುಟಿಗೆ ಬಂದ ಪದವನ್ನು ಅಲ್ಲೇ ಹಿಡಿದು, ಬೇರೊಂದನ್ನು ಹುಡುಕಿ ತಂದಳು. "ಇದು ಮೊದ್ಲಿನ ಗೇಜು ಸಾರ್."

"ಹೌದಮ್ಮಾ, ಮೊದಲಿನದು" ಎಂದು ಅದನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡರು ವೆಂಕಟಸುಬ್ಬಯ್ಯ. ಹಳೆಯದು ಎಂಬ ಮಾತನ್ನು ಆಕೆ ಅವರ ಎದುರು ಮತ್ತೆಂದೂ ಆಡಲಿಲ್ಲ.