ಓದಿ ಹೇಳದ ಪತ್ರ

ಗುಬ್ಬಿಯಲ್ಲಿ ಜಹೀರ್ ಅಹಮದ್ ಎಂಬ ಪತ್ರಬರಹಗಾರರಿದ್ದರು. ಊರಿಗೆಲ್ಲ ಅವರು ಜಹೀರ್ ಸಾಬರು. ನೋಂದಣಿ ಕಚೇರಿಯ ಎದುರು ಹೊಂಗೆಮರದ ಕೆಳಗೆ ಒಂದು ಗಿಡ್ಡ ಮೇಜು, ಎರಡು ಸ್ಟೂಲು ಹಾಕಿಕೊಂಡು ಕ್ರಯಪತ್ರ, ದಾನಪತ್ರಗಳನ್ನು ಬರೆಯುತ್ತಿದ್ದರು. ಅಕ್ಷರ ದುಂಡಗೆ, ಹಾಳೆಯಲ್ಲಿ ಎಲ್ಲೂ ಹೊಡೆದುಹಾಕಿದ ಗುರುತಿರುತ್ತಿರಲಿಲ್ಲ. ತುಮಕೂರಿನಿಂದಲೂ ಜನ ತಮ್ಮನ್ನು ಹುಡುಕಿಕೊಂಡು ಬರುತ್ತಾರೆಂದು ಅವರಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

೧೯೮೧ರ ಬೇಸಿಗೆ. ಮಾರನೆಯ ದಿನದಿಂದ ಕಚೇರಿಗೆ ರಜೆಯಾದ್ದರಿಂದ ಅಂದು ಮೇಜಿನ ಸುತ್ತ ನೂಕುನುಗ್ಗಲು. ರೈಸ್‌ಮಿಲ್ಲಿನ ಗುಮಾಸ್ತ ರಾಮಾಂಜಿನಯ್ಯ ತನ್ನ ಸೋದರತ್ತೆ ಚಿಕ್ಕಮಾರಮ್ಮನವರನ್ನು ಕರೆತಂದಿದ್ದ. ಅವರು ಸಂತೆಯಲ್ಲಿ ವೀಳ್ಯದೆಲೆ ಮಾರುತ್ತಿದ್ದ ವಿಧವೆ. ಮಕ್ಕಳಿರಲಿಲ್ಲ. ಸ್ವಂತದ್ದೆಂದರೆ ಒಂದು ಹೆಂಚಿನ ಮನೆ. ಆ ಮನೆಯನ್ನು ತನಗೆ ದಾನ ಕೊಡುವಂತೆ ಪತ್ರವಾಗಬೇಕೆಂದು ರಾಮಾಂಜಿನಯ್ಯ ಸಾಬರ ಕಿವಿಯ ಹತ್ತಿರ ಬಗ್ಗಿ ಹೇಳಿದ.

"ಎಲ್ಲಾ ಮನೇಲೇ ಹೇಳಿದೀನಿ ಸಾಬ್ರೇ. ಅತ್ತೆಗೆ ಗೊತ್ತದೆ. ಬೇಗ ಮುಗಿಸ್ಕೊಡಿ."

ಸಾಬರು ಬರೆದರು. ಕೊನೆಯಲ್ಲಿ ವಾಡಿಕೆಯಂತೆ, ಪತ್ರವನ್ನು ಓದಿಸಿ ಕೇಳಿ ಒಪ್ಪಿ ಹೆಬ್ಬೆಟ್ಟಿನ ಗುರುತು ಹಾಕಿರುತ್ತಾರೆ ಎಂಬ ಸಾಲು ಸೇರಿಸಿ, ಅದರ ಕೆಳಗೆ ಬರೆದವರೆಂದು ತಮ್ಮ ಸಹಿ ಹಾಕಿದರು. ಓದಿ ಮಾತ್ರ ಹೇಳಲಿಲ್ಲ. ಚಿಕ್ಕಮಾರಮ್ಮ ಹೆಬ್ಬೆಟ್ಟೊತ್ತಿ ಹೋದರು.

ಎಂಟು ತಿಂಗಳ ಮೇಲೆ ಅವರು ಒಬ್ಬರೇ ಬಂದು ಸ್ಟೂಲಿನ ಮೇಲೆ ಕೂತರು.

"ಸಾಬ್ರೇ, ನನ್ ಪಿಂಚಣಿ ಎಲ್ಲಿಗ್ ಬಂತು?"

"ಯಾವ ಪಿಂಚಣಿ ಅಜ್ಜೀ?"

"ನೀವೇ ಬರೆದ್ರಲ್ಲಪ್ಪಾ, ವಿಧವೆ ಪಿಂಚಣಿ ಕಾಗ್ದ. ನಮ್ ರಾಮಾಂಜಿ ಅದಕ್ಕೇ ಅಲ್ವಾ ಕರ್ಕೊಂಡ್ ಬಂದಿದ್ದು? ಈಗ ನೋಡುದ್ರೆ, ನನ್ ಮನೇನ ನಂಗೇ ಖಾಲಿ ಮಾಡು ಅಂತವ್ನೆ. ತಲೆ ಕೆಟ್ಟದೋ ಏನೋ ಅವನ್ಗೆ."

ಸಾಬರಿಗೆ ಆ ದಿನ ನೆನಪಾಯಿತು. ಸುಳ್ಳು ಹೇಳಿ ಸಾಗಹಾಕಬಹುದಿತ್ತು. ಹಾಗೆ ಮಾಡಲಿಲ್ಲ.

"ಅಜ್ಜೀ, ಅದು ಪಿಂಚಣಿ ಕಾಗದ ಅಲ್ಲ. ನಿಮ್ಮ ಮನೇನ ಅವನಿಗೆ ಬರ್ಕೊಟ್ಟಿರೋ ಪತ್ರ."

ಚಿಕ್ಕಮಾರಮ್ಮ ತಮ್ಮ ಹೆಬ್ಬೆಟ್ಟನ್ನು ನೋಡಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: "ನಾನು ಹೆಬ್ಬೆಟ್ಟೊತ್ತುವಾಗ ನೀವು ಇಲ್ಲೇ ಇದ್ರಲ್ಲಾ ಸಾಬ್ರೇ?"

"ಇದ್ದೆ" ಎಂದರು ಸಾಬರು.

ಬಡವರಿಗೆ ಫೀಸಿಲ್ಲದೆ ವಕೀಲರನ್ನು ಕೊಡುವ ಕಾನೂನು ನೆರವು ಸಮಿತಿ ತುಮಕೂರಿನ ಕೋರ್ಟಿನ ಆವರಣದಲ್ಲಿದೆ ಎಂದು ಅವರು ಕೇಳಿದ್ದರು. ಸೋಮವಾರ ಅಜ್ಜಿಯನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆದೊಯ್ದರು. ಅಂದು ಸಿಕ್ಕವರು ಅಂಜನಮೂರ್ತಿ ಎಂಬ ಯುವ ವಕೀಲರು. ಅವರು ಪತ್ರದ ನಕಲನ್ನು ಎರಡು ಸಲ ಓದಿದರು.

"ಅಜ್ಜಿ, ನೀವು ಏನೂ ಕೊಡೋದು ಬೇಡ, ಕೇಸ್ ನಾನು ನಡೆಸ್ತೀನಿ. ಆದ್ರೆ ಕಷ್ಟ ಇದೆ. ಓದಿ ಹೇಳಿದೀವಿ ಅಂತ ಇದರಲ್ಲೇ ಬರೆದವ್ರೆ. ಬರೆದೋನೇ ಬಂದು ಓದಿ ಹೇಳಿರ್ಲಿಲ್ಲ ಅಂದ್ರೆ ಗೆಲ್ಲಬಹುದು. ಲೈಸೆನ್ಸ್ ಕಳ್ಕೊಳ್ಳೋಕೆ ಯಾರು ಬರ್ತಾರೆ?"

ಸಾಬರು ಹಾಳೆಯ ಕೆಳಗೆ ಬೆರಳಿಟ್ಟರು. "ಈ ಸಹಿ ನಂದೇ ಸಾರ್. ನಾನು ಬರ್ತೀನಿ."

ಸಂಜೆ ಮನೆಯಲ್ಲಿ ಹೆಂಡತಿ ಜಮಾಲುನ್ನೀಸಾಗೆ ಎಲ್ಲವನ್ನೂ ಹೇಳಿದರು. ಆಕೆ ಹೊಲಿಗೆ ಮಿಷನ್ ನಿಲ್ಲಿಸಿ ಕೇಳಿಸಿಕೊಂಡಳು. ಓದಿ ಹೇಳಲು ಎಷ್ಟು ಹೊತ್ತು ಬೇಕಿತ್ತು ಎಂದು ಕೇಳಿದಳು. ಹತ್ತು ನಿಮಿಷ ಎಂದರು ಸಾಬರು. ಆಕೆ ಮತ್ತೆ ಮಿಷನ್ ತುಳಿದಳು. ಮುಂದಿನ ವಾರ ಕುಣಿಗಲ್‌ಗೆ ಹೋಗಿ, ಪಾತ್ರೆ ಅಂಗಡಿ ಇಟ್ಟಿದ್ದ ತನ್ನ ಅಣ್ಣನ ಹತ್ತಿರ, ಮುಂದೆ ಬೇಕಾದರೆ ಇವರಿಗೊಂದು ಕೆಲಸವಿರಲಿ ಎಂದು ಹೇಳಿ ಬಂದಳು.

ಕೇಸು ಎರಡು ವರ್ಷಕ್ಕೂ ಹೆಚ್ಚು ನಡೆಯಿತು. ಅಲ್ಲಿಯವರೆಗೆ ಅಜ್ಜಿಯನ್ನು ಮನೆಯಿಂದ ಎಬ್ಬಿಸದಂತೆ ಅಂಜನಮೂರ್ತಿ ತಡೆಯಾಜ್ಞೆ ತಂದಿದ್ದರು. ಸಾಬರು ಸಾಕ್ಷಿಕಟ್ಟೆ ಹತ್ತಿದ ದಿನ ಎದುರು ವಕೀಲರು ಬಿಡಲಿಲ್ಲ.

"ಅಂದ್ರೆ ನೀವು ಪತ್ರದಲ್ಲಿ ಸುಳ್ಳು ಬರೆದು ಸಹಿ ಮಾಡಿದ್ರಿ?"

"ಹೌದು ಸ್ವಾಮಿ, ಬರೆದೆ."

"ಇನ್ನೂ ಎಷ್ಟು ಪತ್ರಗಳಲ್ಲಿ ಹೀಗೆ ಬರೆದಿದೀರಿ?"

ಸಾಬರು ಕಟಕಟೆಯ ಮರವನ್ನು ಹಿಡಿದುಕೊಂಡರು. "ಲೆಕ್ಕ ಇಟ್ಟಿಲ್ಲ" ಎಂದರು. ಅದನ್ನು ಹೇಳುವಾಗ ಆದಷ್ಟು ನಾಚಿಕೆ ಜೀವಮಾನದಲ್ಲಿ ಆಗಿರಲಿಲ್ಲ ಎಂದು ಎಷ್ಟೋ ವರ್ಷಗಳ ಮೇಲೂ ಹೇಳುತ್ತಿದ್ದರು.

೧೯೮೪ರಲ್ಲಿ ದಾನಪತ್ರ ರದ್ದಾಯಿತು. ಸಾಬರ ಲೈಸೆನ್ಸು ಒಂದು ವರ್ಷ ಅಮಾನತಾಯಿತು. ಜೊತೆಯ ಪತ್ರಬರಹಗಾರರು ನಮ್ಮೆಲ್ಲರ ಮರ್ಯಾದೆ ಕಳೆದಿರಿ ಎಂದು ಮಾತು ಬಿಟ್ಟರು. ಸಾಬರು ಆ ವರ್ಷವೆಲ್ಲ ಕುಣಿಗಲ್ಲಿನಲ್ಲಿ ಭಾವಮೈದುನನ ಅಂಗಡಿಯಲ್ಲಿ ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಿದ್ದರು. ಅಲ್ಲೂ ಅಕ್ಷರ ದುಂಡಗೇ ಇತ್ತು.

ಮತ್ತೆ ಹೊಂಗೆಮರದ ಕೆಳಗೆ ಕೂತಾಗ ಗಿರಾಕಿಗಳು ಕಡಿಮೆಯಾಗಿದ್ದರು. ಪ್ರತಿ ಪತ್ರವನ್ನೂ ಗಟ್ಟಿಯಾಗಿ ಓದಿ, ಅರ್ಥ ಕೇಳಿ, ಉತ್ತರ ಬಂದ ಮೇಲೆಯೇ ಹೆಬ್ಬೆಟ್ಟಿನ ಮಸಿ ತೆಗೆಯುತ್ತಿದ್ದರು. ಅವಸರವಿದ್ದವರು ಪಕ್ಕದ ಮೇಜಿಗೆ ಹೋದರು. ಶನಿವಾರಗಳಲ್ಲಿ ಸಾಬರು ತುಮಕೂರಿನ ಸಮಿತಿಗೆ ಹೋಗಿ, ಓದು ಬಾರದವರಿಗೆ ಅರ್ಜಿ ಬರೆದುಕೊಡುತ್ತಿದ್ದರು.

ಒಂದು ದಿನ ಚಿಕ್ಕಮಾರಮ್ಮ ಉಯಿಲು ಬರೆಸಲು ಬಂದರು. ಮನೆ ಯಾರಿಗೆ ಎಂದಾಗ, ರಾಮಾಂಜಿಗೆ ಎಂದರು. ಸಾಬರು ಪೆನ್ನು ಕೆಳಗಿಟ್ಟರು.

"ಅವನಿಗೇನಾ ಅಜ್ಜೀ?"

"ಇನ್ಯಾರ್ಗೆ ಕೊಡ್ಲಿ? ನನ್ ತಮ್ಮನ್ ಮಗ. ಕೇಳಿದ್ರೆ ನಾನೇ ಕೊಡ್ತಿದ್ದೆ, ಕೇಳ್ನಿಲ್ಲ ಅವನು. ಆದ್ರೆ ನಾನ್ ಸತ್ತ್ ಮ್ಯಾಲೆ. ಅದನ್ನ ಚೆನ್ನಾಗ್ ಬರೀರಿ."

ಸಾಬರು ಬರೆದರು. ಚಿಕ್ಕಮಾರಮ್ಮ ಆಮೇಲೆ ನಾಲ್ಕು ವರ್ಷ, ಸಾಯುವವರೆಗೂ, ಆ ಮನೆಯಲ್ಲೇ ಇದ್ದರು. ರಾಮಾಂಜಿನಯ್ಯ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಹಬ್ಬದ ದಿನಗಳಲ್ಲಿ ಮಾತ್ರ ಹೆಂಡತಿಯ ಕೈಲಿ ಹೋಳಿಗೆ ಕಳಿಸುತ್ತಿದ್ದ. ಅಜ್ಜಿ ತೆಗೆದುಕೊಳ್ಳುತ್ತಿದ್ದರು.