ಹದಿನೇಳರ ಜಾಗ

ಸಾಂಕ್ರಾಮಿಕಕ್ಕೆ ಹೆದರಿ ಶಾಲೆ ಮುಚ್ಚಿದ್ದು ಡ್ರಿಲ್ ಮೇಷ್ಟ್ರಿಗೆ ಗೊತ್ತು, ಅವರ ಕೊರಳಲ್ಲಿ ತೂಗುವ ಸೀಟಿಗೆ ಗೊತ್ತಿಲ್ಲ. ಬೆಳಿಗ್ಗೆ ಏಳಕ್ಕೆ ಬಿಳಿ ಬೂಟು ತೊಟ್ಟು, ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿ, ನಡುಮನೆಯಲ್ಲೇ ಮೈದಾನ ಹೂಡುತ್ತಾರೆ. ಮಕ್ಕಳು ತಂತಮ್ಮ ಮನೆಯ ಸೋಫಾ ಸಂದಿಯಲ್ಲಿ, ಬಟ್ಟೆ ಒಣಹಾಕಿದ ಬಾಲ್ಕನಿಯಲ್ಲಿ ಕೈ ಎತ್ತಿ ಇಳಿಸುತ್ತಾರೆ. "ಏಯ್ ಹನ್ನೆರಡು, ಅದೇನು ಕೈಯೋ, ಮುರಿದ ಕೊಡೆಯೋ?" ಮಕ್ಕಳನ್ನು ಅವರು ಹೆಸರು ಹಿಡಿದು ಕರೆದವರೇ ಅಲ್ಲ. ಕೊನೆಗೆ ಎಲ್ಲರೂ ಸಾಲಾಗಿ ತಮ್ಮ ನಂಬರು ಕೂಗಬೇಕು. ಬಾರದವರ ನಂಬರು ಬಂದಾಗ ಒಂದು ಉಸಿರಿನಷ್ಟು ಸುಮ್ಮನಿರಬೇಕು. ಅದು ಅವರ ಕಾನೂನು. ಹದಿನೇಳನೆಯ ಹುಡುಗ ಅದೇ ಜ್ವರಕ್ಕೆ ತೀರಿಕೊಂಡು ತಿಂಗಳಾಯಿತು. "ಪಟ್ಟಿ ಸರಿಮಾಡಿ ಮೇಷ್ಟ್ರೇ, ಹದಿನೆಂಟನ್ನ ಹದಿನೇಳು ಮಾಡಿ," ಎಂದು ಹೆಡ್‌ಮೇಡಂ ಎರಡು ಸಲ ಹೇಳಿದರು. "ಅವನ ಜಾಗ ಅವನದು ಮೇಡಂ," ಎಂದು ಇವರು ಎರಡು ಸಲವೂ ಅಂದರು. ಈ ಸೋಮವಾರ ಎಂದಿನಂತೆ ಹದಿನಾರು ಎಂದಾಯಿತು, ಮಕ್ಕಳು ಉಸಿರು ಹಿಡಿದರು, ಆ ಮೌನದೊಳಗಿಂದ ಸಣ್ಣ ದನಿಯೊಂದು "ಹದಿನೇಳು" ಎಂದಿತು. ಪರದೆಯ ಮೇಲೆ ಒಂದು ತುಟಿಯೂ ಅಲುಗಿರಲಿಲ್ಲ. ತರಗತಿ ಮುಗಿದ ಮೇಲೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದ ಹೆಂಡತಿ, "ಅದು ನೀವೇ ಅಂದಿದ್ದು ಅಲ್ವೇನ್ರೀ?" ಎಂದಳು. "ನನ್ನ ಬಾಯಲ್ಲಿ ಸೀಟಿ ಇತ್ತಲ್ಲೇ," ಎಂದರು ಮೇಷ್ಟ್ರು.