ಎಂಟು ಮಿಲಿಮೀಟರ್ ಎಂದು ಬರೆದದ್ದು

2023ರಲ್ಲಿ ನಾನು ಛತ್ರಪತಿ ಸಂಭಾಜಿನಗರದ ಒಂದು ಸಂಶೋಧನಾ ಕೇಂದ್ರದಲ್ಲಿ ಮಿದುಳಿನ ಎಂಆರ್‌ಐ ಚಿತ್ರಗಳ ವಿಶ್ಲೇಷಕನಾಗಿದ್ದೆ. ಕಾಂಕ್ರೀಟ್ ಒಡೆಯುವ ಬ್ರೇಕರ್ ಮಷೀನ್ ಹಿಡಿಯುವವರ ಮಿದುಳಿನಲ್ಲಿ, ಕೈಗೆ ಸಂಬಂಧಿಸಿದ ಭಾಗ ಬೇರೆ ರೀತಿ ಕೆಲಸ ಮಾಡುತ್ತದೆಯೇ ಎಂಬುದು ನಮ್ಮ ಪ್ರಶ್ನೆ. ಸ್ಕ್ಯಾನಿಗೆ ಬಂದವರಲ್ಲಿ ನಾಸಿಕ್‌ನ ಕಟ್ಟಡಗಳಲ್ಲಿ ದುಡಿಯುವ ಉತ್ತರ ಕರ್ನಾಟಕದವರು ಹಲವರಿದ್ದರು. ಕೇಂದ್ರದಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ಅವರೊಂದಿಗೆ ಮಾತಾಡುವುದೂ ನನ್ನ ಪಾಲಿಗೆ ಬಂತು.

ಮೊದಲ ಫಲಿತಾಂಶದಲ್ಲಿ ಆ ಭಾಗದಲ್ಲೇ 140 ಬಿಂದುಗಳ ಒಂದು ಗುಂಪು, ಅಂದರೆ ಕ್ಲಸ್ಟರ್, ಎದ್ದು ಕಂಡಿತು. ಅದೇ ವಾರ ಇಂಡಿ ಕಡೆಯ ಮಲ್ಲಪ್ಪನವರು ಫೋನ್ ಮಾಡಿ ವಿಚಾರಿಸಿದರು. ಅವರೂ ಬ್ರೇಕರ್ ಹಿಡಿಯುವವರು, ಸ್ಕ್ಯಾನಿಗೆ ಬಂದವರೇ. "ಮಷೀನ್ ಹಿಡಿಯೋರ ಮಿದುಳಿನ್ಯಾಗ ಫರಕ್ ಕಾಣಸ್ತದ್ರಿ" ಎಂದುಬಿಟ್ಟೆ. ಹೇಳಬಾರದಿತ್ತು.

ವರದಿ ಕಳಿಸುವ ಮುನ್ನ ಏಕೋ ಸಮಾಧಾನವಿಲ್ಲದೆ ಲೆಕ್ಕವನ್ನು ಮತ್ತೆ ತೆರೆದೆ. ಮಿದುಳಿನ ಚಿತ್ರದಲ್ಲಿ ಅಕ್ಕಪಕ್ಕದ ಬಿಂದುಗಳು ಒಂದನ್ನೊಂದು ಹೋಲುತ್ತವೆ. ಆ ಹೋಲಿಕೆ ಎಷ್ಟು ದೂರ ಹರಡಿದೆ ಎಂಬುದೇ ಚಿತ್ರದ ಸ್ಮೂತ್‌ನೆಸ್. ಅದು ಹೆಚ್ಚಿದಷ್ಟೂ ಬರೀ ಆಕಸ್ಮಿಕವಾಗಿಯೇ ದೊಡ್ಡ ಗುಂಪುಗಳು ಹುಟ್ಟುತ್ತವೆ. ನಂಬಬೇಕಾದರೆ ಗುಂಪು ಇನ್ನೂ ದೊಡ್ಡದಿರಬೇಕು. ಚಿತ್ರವನ್ನು ನುಣುಪುಗೊಳಿಸಲು ಬಳಸಿದ ಫಿಲ್ಟರಿನ ಅಳತೆ ಎಂಟು ಮಿಲಿಮೀಟರ್. ನಾನು ಅದನ್ನೇ ಸ್ಮೂತ್‌ನೆಸ್ ಎಂದು ತುಂಬಿದ್ದೆ. ಚಿತ್ರದಲ್ಲಿ ಮೊದಲೇ ಇದ್ದ ನುಣುಪು ಲೆಕ್ಕಕ್ಕೇ ಬಂದಿರಲಿಲ್ಲ. ಅಳೆದು ನೋಡಿದರೆ ಹನ್ನೊಂದು. ಬೇಕಾದ ಗುಂಪಿನ ಗಾತ್ರ 90ರಿಂದ 230ಕ್ಕೆ ಏರಿತು. ನಮ್ಮ 140 ಬಿದ್ದುಹೋಯಿತು.

ಕೇಂದ್ರದ ಮುಖ್ಯಸ್ಥೆಗೆ ಅಂದೇ ತಿಳಿಸಿದೆ. ವರದಿ ನಿಂತಿತು. ಮಲ್ಲಪ್ಪನವರು ಮಾತ್ರ ಫೋನಿಗೆ ಸಿಗಲಿಲ್ಲ. ಮೂರು ದಿನ ಕೂತಲ್ಲಿ ಕೂರಲಾಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನಾಸಿಕ್ ಬಸ್ಸು ಹತ್ತಿದೆ.

ಸೈಟಿನಲ್ಲಿ ಅವರು ಇಟ್ಟಿಗೆ ಹೊರುತ್ತಿದ್ದರು.

"ಮಷೀನ್ ಬಿಟ್ರೇನ್ರಿ?" ಎಂದೆ.

"ನೀವ ಹೇಳಿದ್ರಲ್ರಿ ಸರ್, ತಲ್ಯಾಗ ಫರಕ್ ಅಂತ. ಹೆಣ್ತಿ ಹಿಡೀಗೊಡಲಿಲ್ಲ."

ನನ್ನ ಲೆಕ್ಕ ತಪ್ಪಾಗಿತ್ತು ಎಂದು ವಿವರಿಸಿದೆ.

"ಹಂಗಾರ ಮಷೀನಿಂದ ಏನೂ ಆಗೂದಿಲ್ಲೇನ್ರಿ?"

"ಅದನ್ನೂ ಹೇಳಾಕ ಬರೂದಿಲ್ರಿ. ನಮಗ ಗೊತ್ತಿಲ್ಲ."

ಅವರು ಬೆರಳು ಮಡಚಿ ಬಿಚ್ಚಿದರು. "ಕೈ ಜುಮ್ ಅನ್ನೂದು ನನಗ ಗೊತ್ತೈತ್ರಿ, ಅದಕ್ಕ ನಿಮ್ಮ ಫೋಟೋ ಬೇಕಾಗಿಲ್ಲ. ಗೊತ್ತಿಲ್ಲ ಅಂತ ಅವತ್ತ ಅಂದಿದ್ರ, ಆಕಿ ಇಷ್ಟು ದಿನ ಹೆದರತಿರಲಿಲ್ಲ."

ಅವರು ವಾಸವಿದ್ದ ಶೆಡ್ಡಿಗೆ ಹೋಗಿ ಹೆಂಡತಿಯ ಮುಂದೆಯೂ ಅದನ್ನೇ ಹೇಳಿದೆ. ಆಕೆ ನಂಬಿದಂತೆ ಕಾಣಲಿಲ್ಲ. ಮಲ್ಲಪ್ಪನವರು ಮತ್ತೆ ಮಷೀನ್ ಹಿಡಿಯಲೂ ಇಲ್ಲ.

ಸ್ಮೂತ್‌ನೆಸ್ ಊಹಿಸಬೇಡಿ, ಅಳೆಯಿರಿ ಎಂದು ಹೊಸಬರಿಗೆ ಈಗ ಕಲಿಸುತ್ತೇನೆ. ಜೊತೆಗೆ ಇನ್ನೊಂದು ಮಾತು: ನಾವು ನಾಳೆ ತಿದ್ದಬಹುದಾದ ಡ್ರಾಫ್ಟ್ ಅಂದುಕೊಂಡದ್ದನ್ನು, ಕೇಳಿದವರು ಅಂದೇ ಮನೆಗೆ ಒಯ್ಯುತ್ತಾರೆ.